ಪೆಂಗೆಲ್ಲಿ ಬೀದಿಯ ಕ್ವಿನ್ಸ್ ಹಣ್ಣು

ಗಂಡ ತೀರಿಕೊಂಡು ನಾಲ್ಕು ತಿಂಗಳು ತುಂಬುವುದರೊಳಗೆ, ಅವನ ಕೈಕೆಲಸವನ್ನು ಬೇರೊಬ್ಬನ ಹೆಸರಿಗೆ ಬರೆದ ಪುಸ್ತಕವೊಂದು ಲವ್‌ಡೇ ಟ್ರೆನೆರಿಯ ಅಂಚೆಪೆಟ್ಟಿಗೆಯಲ್ಲಿ ಬಂದು ಬಿದ್ದಿತ್ತು.

ಕಳಿಸಿದ್ದು ಪುರಸಭೆ. ಮನೆಮನೆಗೂ ಒಂದೊಂದು ಪ್ರತಿ. ಪೆಂಗೆಲ್ಲಿ ಬೀದಿಯಲ್ಲಿ ಯಾವ ಕಟ್ಟಡವನ್ನು ಕಾಯಬೇಕು, ಯಾವುದನ್ನು ಕೆಡವಬಹುದು ಎಂದು ಹೇಳುವುದಕ್ಕಾಗಿ ಮೆಲ್ಬರ್ನಿನಿಂದ ಕರೆಸಿದ ಡಾಕ್ಟರ್ ಕ್ರಿಸ್ಪಿನ್ ವೇಲ್ ಎಂಬ ಪಂಡಿತ ಅದನ್ನು ಬರೆದಿದ್ದ. ಹಿಂಬದಿಯ ರಟ್ಟಿನ ಮೇಲೆ ಅವನ ಚಿತ್ರ. ಹಳೆಯ ಬ್ಯಾಂಕಿನ ಕಂಬಕ್ಕೆ ಅಂಗೈ ಊರಿ ನಿಂತಿದ್ದ. ತಾನು ಕೈ ತೆಗೆದರೆ ಬ್ಯಾಂಕು ಬಿದ್ದುಹೋದೀತು ಎನ್ನುವ ಮುಖ. ಲವ್‌ಡೇ ಆ ಮುಖದ ಮೇಲೆ ಚಹಾದ ಬಟ್ಟಲನ್ನಿಟ್ಟು, ಕನ್ನಡಕ ತರಲು ಎದ್ದಳು.

ಎಪ್ಪತ್ತೊಂಬತ್ತು ವರ್ಷ ಆ ಬೀದಿಯ ಹಿಂದಿನ ಓಣಿಯಲ್ಲೇ ಕಳೆದವಳಿಗೆ ಬೀದಿಯ ಚರಿತ್ರೆಯನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ಅವಳ ಮಟ್ಟಿಗೆ ಅದು ನಾಚಿಕೆಯ ಚರಿತ್ರೆ. ಚಿನ್ನ ಸಿಕ್ಕ ಹೊಸದರಲ್ಲಿ ಮರದ ತೊಗಟೆಯ ಗುಡಿಸಲುಗಳಿದ್ದವು. ಚಿನ್ನ ಹೆಚ್ಚಿದಾಗ ಗುಡಿಸಲಿಗೆ ನಾಚಿ ಇಟ್ಟಿಗೆಯಲ್ಲಿ ಕಟ್ಟಿದರು. ಇಟ್ಟಿಗೆಗೆ ನಾಚಿ ಮೇಲೆ ಗಾರೆ ಬಳಿದು, ಗೀರೆಳೆದು, ಕಲ್ಲು ಎಂದು ಕರೆದರು. ಹಂದಿಮಾಂಸದ ಅಂಗಡಿಗೆ ರೋಮಿನ ಅರಮನೆಯ ಹಣೆ, ಔಷಧದ ಅಂಗಡಿಗೆ ಗ್ರೀಕರ ದೇಗುಲದ ಕಂಬ. ಹಿಂದಿನ ಓಣಿಯಿಂದ ನೋಡಿದರೆ ಎಲ್ಲದಕ್ಕೂ ಒಂದೇ ತುಕ್ಕು ಹಿಡಿದ ತಗಡು, ಒಂದೇ ಹರಕು ಇಟ್ಟಿಗೆ. ಓಣಿಯಲ್ಲಿ ಹುಟ್ಟಿದ ಲವ್‌ಡೇ ಬೀದಿಯ ಬೆನ್ನನ್ನು ಮೊದಲು ನೋಡಿದವಳು, ಮುಖಕ್ಕೆ ಮರುಳಾಗಲಿಲ್ಲ.

ಅವಳು ಮದುವೆಯಾದ ವರ್ಷ, ಅಂಗಡಿಗಳ ಮುಂದೆ ನಡೆಯುವವರಿಗೆ ನೆರಳು ಕೊಡುತ್ತಿದ್ದ ವರಾಂಡಗಳನ್ನೆಲ್ಲ ಕಿತ್ತುಹಾಕಬೇಕೆಂದು ಪುರಸಭೆಯ ಹುಕುಂ ಆಯಿತು. ಯಾವನೋ ಬಿಯರ್ ಲಾರಿಯವನು ಎರಡು ಕಂಬಕ್ಕೆ ಗುದ್ದಿದ್ದ. ಲಾರಿಯವನಿಗೆ ಬುದ್ಧಿ ಹೇಳುವುದು ಬಿಟ್ಟು ಬೀದಿಯ ಕಂಬಗಳಿಗೆಲ್ಲ ಶಿಕ್ಷೆ ಕೊಟ್ಟರು. ಎರಕದ ಕಬ್ಬಿಣದ ಜಾಲರಿ ಊರಾಚೆಯ ಕೋಳಿಗೂಡುಗಳಿಗೆ ಬಾಗಿಲಾಯಿತು. ಈಗ ಅದೇ ಪುರಸಭೆ ಅದೇ ಜಾಲರಿಯನ್ನು ಅಲ್ಯೂಮಿನಿಯಮ್ಮಿನಲ್ಲಿ ಹೊಯ್ಯಿಸಿ, ಕಬ್ಬಿಣದ ಬಣ್ಣ ಬಳಿಸಿ, ಪರಂಪರೆ ಎಂದು ನೇತುಹಾಕುತ್ತಿತ್ತು.

“ಅಪ್ಪಂದಿರು ಕಿತ್ತರು, ಮಕ್ಕಳು ನಕಲು ಮಾಡಿದ್ರು. ಇಬ್ಬರಿಗೂ ಹಾರ ಹಾಕಿದ್ದೇ ಹಾಕಿದ್ದು,” ಎಂದು ಲವ್‌ಡೇ ಖಾಲಿ ಅಡುಗೆಮನೆಗೆ ಹೇಳಿದಳು. ಗಂಡ ಜೇಬೆಜ್ ಇದ್ದಾಗ ಇಂಥ ಮಾತಿಗೆ ಮೂಗಿನಲ್ಲೇ ನಗುತ್ತಿದ್ದ.

ಮೂವತ್ತೊಂದನೇ ಪುಟದಲ್ಲಿ ಅವಳ ಕೈ ನಿಂತಿತು. ಅಲ್ಲಿ ಬರೆದಿತ್ತು: “ಬೀದಿಯ ಮುಕುಟಮಣಿಯೆಂದರೆ ನಲವತ್ತನಾಲ್ಕನೇ ಕಟ್ಟಡದ ಮಾಳಿಗೆಯ ಅಂಚಿಗೆ ಎದ್ದುನಿಂತ ನೆತ್ತಿಗೋಡೆ. ಸಾವಿರದ ಎಂಟುನೂರ ಎಪ್ಪತ್ತೆರಡರಲ್ಲಿ ವಾಸ್ತುಶಿಲ್ಪಿ ಅನ್ಸೆಲ್ಮೊ ಬಿಯಾಂಕೆಟ್ಟಿ ರಚಿಸಿದ ಈ ಕೃತಿಯ ಹೂಮಾಲೆಯಲ್ಲಿ ನಾಲ್ಕು ಕ್ವಿನ್ಸ್ ಹಣ್ಣುಗಳಿವೆ. ವಲಸೆ ಬಂದ ಶಿಲ್ಪಿ ತನ್ನ ಸ್ವಿಸ್ ಕಣಿವೆಯ ತೋಟಗಳನ್ನು ನೆನೆದು ಸುಣ್ಣದಲ್ಲಿ ಸುರಿಸಿದ ಕಣ್ಣೀರು ಇದು.” ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: “ಮುಂದೆ ಸ್ಥಳೀಯ ಕೂಲಿಯೊಬ್ಬ ಅಲ್ಪಸ್ವಲ್ಪ ದುರಸ್ತಿ ಮಾಡಿದಂತೆ ಮೆಥಡಿಸ್ಟ್ ಸಭೆಯ ದಾಖಲೆಯಿಂದ ತಿಳಿಯುತ್ತದೆ.”

“ಕಣ್ಣೀರಂತೆ!” ಎಂದಳು ಲವ್‌ಡೇ. ಸೇಬಿಗಿಂತ ದಪ್ಪ, ಬೇಯಿಸದೆ ತಿನ್ನಲಾಗದ ಆ ನಾಲ್ಕು ಹಳದಿ ಹಣ್ಣು ಅವಳ ಹಿತ್ತಲ ಮರದವು. ನಲವತ್ತು ವರ್ಷದ ಹಿಂದೆ ಜೇಬೆಜ್ ಅಚ್ಚಿಗೆಂದು ಒಳ್ಳೆಯವನ್ನೇ ಆರಿಸಿಕೊಂಡು ಹೋಗಿದ್ದರಿಂದ ಅವಳ ಜೆಲ್ಲಿ ಎರಡು ಸೀಸೆ ಕಡಿಮೆಯಾಗಿತ್ತು.

ನಡೆದದ್ದು ಇಷ್ಟು. ನಲವತ್ತನಾಲ್ಕನೇ ಕಟ್ಟಡ ಮೊದಲು ಹೆಂಡದ ಹೋಟೆಲು. ಬಿಯಾಂಕೆಟ್ಟಿ ಕಟ್ಟಿದ ನೆತ್ತಿಗೋಡೆಯ ಮೇಲೆ, ಬಿಯರ್ ಮಾರುವ ಮನೆಗೆ ತಕ್ಕಂತೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಕಾಯಿಗಳೂ ಬಾರ್ಲಿ ತೆನೆಗಳೂ ಇದ್ದವು. ಕೊನೆಯ ಹೋಟೆಲಿನವನು ಆ ಗೋಡೆಯನ್ನೇ ಪೂರ್ತಿ ಒಡೆದುಹಾಕಿ ತಗಡಿನ ಫಲಕ ಹೊಡೆಸಿದ. ಹೋಟೆಲು ಮುಚ್ಚಿದ ಮೇಲೆ ಮದ್ಯ ಮುಟ್ಟದ ಮೆಥಡಿಸ್ಟ್ ಕ್ರೈಸ್ತರ ಊರಿನ ಸಭೆ ಬಡವರಿಗೆ ಬಟ್ಟೆ ಹಂಚುವುದಕ್ಕೆ ಆ ಕಟ್ಟಡವನ್ನು ಕೊಂಡಿತು. ಆ ಸಭೆಗೇ ಸೇರಿದ, ಗಾರೆ ಕೆಲಸದಲ್ಲಿ ಊರಿಗೇ ಒಬ್ಬನಾಗಿದ್ದ ಜೇಬೆಜ್, ನೆತ್ತಿಗೋಡೆಯನ್ನು ತಾನು ಮತ್ತೆ ಎಬ್ಬಿಸುತ್ತೇನೆ, ಕೂಲಿ ಬೇಡ ಎಂದ. ಆದರೆ ಹಾಪ್ಸ್ ಕಾಯಿಗೆ ಕೈ ಹಚ್ಚುವುದಿಲ್ಲ ಎಂದ. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನು, ಕ್ರಿಸ್‌ಮಸ್ಸಿನ ಪುಡ್ಡಿಂಗಿಗೆ ಬ್ರಾಂದಿ ಬಿದ್ದಿದೆಯೇ ಎಂದು ಮೂಸಿ ನೋಡುವವನು. ಹಾಗಾಗಿ ಕಾಯಿಯಿದ್ದ ಜಾಗಕ್ಕೆ ಕ್ವಿನ್ಸ್ ಬಂತು.

ಕೆಲಸ ಮುಗಿದಾಗ ಸಭೆಯ ಕಾರ್ಯದರ್ಶಿ ದಾಖಲೆಯಲ್ಲಿ “ಸಹೋದರ ಟ್ರೆನೆರಿ ಮುಂಗೋಡೆಯನ್ನು ನಿರ್ಮಿಸಿದರು” ಎಂದು ಬರೆದಿದ್ದ. ನಿರ್ಮಿಸುವವನು ಮೇಲಿದ್ದಾನೆ ಎಂದು ಜೇಬೆಜ್ ಅದನ್ನು ಹೊಡೆದುಹಾಕಿಸಿ “ದುರಸ್ತಿ ಮಾಡಿದರು” ಎಂದು ಬರೆಸಿದ. ಸಭೆಯವರು ತಲೆದೂಗಿ, ಒಂದು ಕೀರ್ತನೆ ಹಾಡಿ ಮನೆಗೆ ಹೋದರು. ಆ ವಿನಯ ಈಗ ಒಬ್ಬ ಪಂಡಿತನ ಟಿಪ್ಪಣಿಯಾಗಿತ್ತು.

ಇನ್ನೊಂದು ಸಂಗತಿಯಿತ್ತು. ಅದು ಪುಸ್ತಕದಲ್ಲಿರಲಿಲ್ಲ, ಲವ್‌ಡೇಯ ಎದೆಯಲ್ಲಿತ್ತು. ಮುಂಭಾಗ ಮುಗಿದ ಮೇಲೂ ಜೇಬೆಜ್ ಮೂರು ವಾರ ಸಾರುವೆ ಬಿಟ್ಟು ಇಳಿಯಲಿಲ್ಲ. ಗೋಡೆಯ ಹಿಂಬದಿ, ಮಾಳಿಗೆಯ ತಗಡಿನ ಕಡೆಗಿರುವ, ಯಾರ ಕಣ್ಣಿಗೂ ಬೀಳದ ಮಗ್ಗುಲು, ಅದಕ್ಕೂ ಕರಣಿ ಆಡಿಸುತ್ತ ಕೂತ. ಆ ಮೂರು ವಾರದಲ್ಲಿ ಅವರು ಕಡಲತೀರಕ್ಕೆ ಹೋಗಬೇಕಾಗಿತ್ತು. ಅವಳು ಹೊಸ ಟೋಪಿ ತಂದಿಟ್ಟಿದ್ದಳು.

“ಹಿಂದಕ್ಕೆ ಯಾಕ್ರೀ ಅಷ್ಟು ನಯ? ಕಾಗೆಗಳು ಮುಖ ನೋಡ್ಕೊಳ್ಳಕ್ಕಾ?” ಎಂದು ಕೇಳಿದ್ದಳು.

“ನೋಡೋನು ನೋಡ್ತಾನೆ ಕಣೇ,” ಎಂದಿದ್ದ.

“ಆತನಿಗೆ ಇಡೀ ಲೋಕ ಬಿಟ್ಟು ನಿಮ್ಮ ಗೋಡೆ ಬೆನ್ನು ನೋಡೋ ಕೆಲಸಾನಾ? ಮೂರು ವಾರ ದಂಡ.”

ಕಡಲಿಗೆ ಹೋಗಲಿಲ್ಲ. ಟೋಪಿ ಹಾಗೇ ಉಳಿಯಿತು. ಆ ಮಾತನ್ನು ಅವಳು ಒಂದು ಸಲ ಆಡಿ ಬಿಡಲಿಲ್ಲ. ನಲವತ್ತು ವರ್ಷ, ಜಗಳಕ್ಕೆ ಬೇರೇನೂ ಸಿಕ್ಕದಾಗಲೆಲ್ಲ ಆಡಿದಳು. ಮೇಲೆ ಹತ್ತಿ ಆ ಹಿಂಬದಿಯನ್ನು ಒಂದು ದಿನವೂ ನೋಡಲಿಲ್ಲ.

ಪುಸ್ತಕ ಬಂದ ಮಾರನೆಯ ದಿನ ನಾದಿನಿ ಥರ್ಜಾ, ಮಾಂಸ ತುಂಬಿ ಒಲೆಯಲ್ಲಿ ಬೇಯಿಸಿದ ಪ್ಯಾಸ್ಟಿ ಕಡುಬು ಕಟ್ಟಿಕೊಂಡು ಬಂದಳು. ಜೇಬೆಜನ ತಂಗಿ, ಎಪ್ಪತ್ತನಾಲ್ಕು ವರ್ಷ, ಮೊಣಕಾಲು ಹೋಗಿತ್ತು, ನಾಲಿಗೆ ಹೋಗಿರಲಿಲ್ಲ. ಪುಟ ಮೂವತ್ತೊಂದನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿದಳು.

“ಅತ್ತಿಗೆ, ಬಾಯಿ ಮುಚ್ಕೊಂಡಿರು.”

“ಯಾಕೆ?”

“ಯಾಕೆ ಅಂದ್ರೆ ಆ ಕಟ್ಟಡ ಈಗ ರಸ್ ಡಾರಕ್‌ದು. ಅವನು ಮಾಳಿಗೆ ಮೇಲೆ ವೈನ್ ಕುಡಿಯೋ ಜಾಗ ಮಾಡ್ತಾನಂತೆ. ಕೂತವರಿಗೆ ಬೀದಿ ಕಾಣ್ಲಿ ಅಂತ ನೆತ್ತಿಗೋಡೆ ಒಡೆದು ಗಾಜು ಹಾಕಬೇಕು ಅವನಿಗೆ. ನೂರೈವತ್ತು ವರ್ಷದ್ದು ಅಂತ ಈ ಪಂಡಿತ ಬರೆದಿದ್ದಕ್ಕೆ ಸುಮ್ನಿದಾನೆ. ನಕಲಿಗೆ ರಕ್ಷಣೆಯಿಲ್ಲ. ನೀನು ಹೋಗಿ ಸತ್ಯ ಒದರು, ನಾಳೆನೇ ಸುತ್ತಿಗೆ ತರ್ತಾನೆ.”

“ಹಂಗಂತ ನಿಮ್ಮಣ್ಣನ ಕೆಲಸ ಯಾವನೋ ಇಟಲಿ ಮಾತಾಡೋ ಸ್ವಿಸ್‌ನೋನ ಕಣ್ಣೀರಾಗ್ಬೇಕಾ?”

“ಆಗ್ಲಿ ಬಿಡು. ಗೋಡೆ ಇರುತ್ತಲ್ಲ. ಸುಳ್ಳು ಯಾವುದು ಸತ್ಯ ಯಾವುದು ಅಂತ ಪಾರಿವಾಳಕ್ಕೇನು ಗೊತ್ತು? ಯಾರು ಕಟ್ಟಿದ್ರೂ ಕೂತ್ಕೊಳ್ತಾವೆ.”

“ಭಾನುವಾರ ದೇವರ ಮುಂದೆ ಕೂತು ಏನಂತ ಪ್ರಾರ್ಥನೆ ಮಾಡ್ಲಿ?”

“ಪ್ರಾರ್ಥನೆ ಬೇಡ, ಹಾಡು. ನಿನ್ನ ಶ್ರುತಿ ಕೇಳಿದ್ರೆ ಆತನೇ ಕಿವಿ ಮುಚ್ಕೊಳ್ತಾನೆ.” ಥರ್ಜಾ ಪ್ಯಾಸ್ಟಿಯ ಮೂಲೆ ಮುರಿದಳು. ಆಮೇಲೆ ಸ್ವಲ್ಪ ಮೆತ್ತಗೆ ಕೇಳಿದಳು: “ಅತ್ತಿಗೆ, ಸರಿಯಾಗಿ ಹೇಳು. ನಿನಗೆ ಬೇಕಾಗಿರೋದು ಸತ್ಯಾನಾ, ಇಲ್ಲಾ ಆ ಪಂಡಿತನ ಮೂಗು ಮುರಿಯೋದಾ?”

ಲವ್‌ಡೇ ಒಂದು ತುಂಡು ಬಾಯಿಗಿಟ್ಟಳು. ಪ್ಯಾಸ್ಟಿಗೆ ಉಪ್ಪು ಕಡಿಮೆ ಎಂದಳು.

ಪುಸ್ತಕದ ಪಟ್ಟಿಯನ್ನು ಒಪ್ಪುವ ಮುನ್ನ ಊರವರ ಮಾತು ಕೇಳಲು ಪುರಸಭೆ ಕರೆದ ವಿಚಾರಣೆ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ಪುರಭವನದ ಮೇಲಿನ ಕೋಣೆಯಲ್ಲಿ. ಸಭಾಧ್ಯಕ್ಷೆ ಬ್ರಾನ್ವಿನ್ ಹೇಗ್. ಜನ ಇಪ್ಪತ್ತು, ಅವರಲ್ಲಿ ಅರ್ಧ ಬಿಸ್ಕತ್ತಿಗೆ ಬಂದವರು. ಕುತ್ತಿಗೆಗೆ ಕೆಂಪು ಉಣ್ಣೆಯ ವಸ್ತ್ರ ಸುತ್ತಿಕೊಂಡ ಡಾಕ್ಟರ್ ವೇಲ್ ಪರದೆಯ ಮೇಲೆ ಕ್ವಿನ್ಸ್ ಹಣ್ಣನ್ನು ಹಂಡೆಯಷ್ಟು ದೊಡ್ಡದು ಮಾಡಿ ತೋರಿಸಿ, ಕಣಿವೆ, ತಾಯಿ, ವಿರಹ ಎಂದು ಕಾಲು ಗಂಟೆ ಮಾತಾಡಿದ. ಅವನ ದನಿ ಒಮ್ಮೆ ಗದ್ಗದವೂ ಆಯಿತು. ಆ ಹಣ್ಣಿನ ಸಿಪ್ಪೆಯನ್ನು ಒಮ್ಮೆಯೂ ಸುಲಿದ ಕೈಯಲ್ಲ ಅವನದು ಎಂಬುದು ಲವ್‌ಡೇಗೆ ದೂರದಿಂದಲೇ ಕಾಣುತ್ತಿತ್ತು.

ಅವಳು ಎದ್ದು, ಚಕ್ರದ ಸಂತೆಚೀಲವನ್ನು ಎಳೆದುಕೊಂಡು ಮುಂದೆ ಹೋದಳು. ಗಾರೆಯ ಅಂಚಿಗೆ ಆಕಾರ ಎಳೆಯಲು ಜೇಬೆಜ್ ಕತ್ತರಿಸಿಕೊಂಡಿದ್ದ ಸತುವಿನ ತಗಡನ್ನೂ ಹಣ್ಣಿನ ಅಚ್ಚನ್ನೂ ಮೇಜಿನ ಮೇಲಿಟ್ಟಳು.

“ಆ ನೆತ್ತಿಗೋಡೆ ಕಟ್ಟಿದ್ದು ನನ್ನ ಗಂಡ. ಇದು ಅವರ ಅಚ್ಚು. ಹಣ್ಣು ನಮ್ಮ ಹಿತ್ಲದ್ದು.”

ವೇಲ್ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. “ಎಷ್ಟು ಅಮೂಲ್ಯ! ಮಿಸೆಸ್ ಟ್ರೆನೆರಿ, ನೋಡಿ, ದುರಸ್ತಿ ಮಾಡೋ ಮೊದಲು ನಿಮ್ಮ ಯಜಮಾನರು ಮೂಲ ಹಣ್ಣಿನಿಂದ ಅಚ್ಚು ತೆಗೆದಿಟ್ಟಿದ್ದಾರೆ. ಒಳ್ಳೆ ಕೆಲಸಗಾರರು ಹೀಗೇ ಮಾಡ್ತಿದ್ರು.”

“ಮೂಲ ಹಣ್ಣು ಮರದಲ್ಲಿತ್ತು ಸ್ವಾಮಿ. ಇಲ್ಲಿ ನೋಡಿ, ತೊಟ್ಟಿನ ಪಕ್ಕ ಹುಳ ಕೊರೆದ ತೂತು.”

“ಅದೇ! ಕುಂದನ್ನೂ ಬಿಡದೆ ತೋರಿಸೋ ಆ ವಾಸ್ತವ ಪ್ರಜ್ಞೆ! ಬಿಯಾಂಕೆಟ್ಟಿಯ ಸಹಿ ಅದು.”

“ಹುಳದ ಸಹಿ,” ಎಂದಳು ಲವ್‌ಡೇ. ಬಿಸ್ಕತ್ತಿನವರು ನಕ್ಕರು. ಸಭಾಧ್ಯಕ್ಷೆ, ಮಗುವನ್ನು ಸಮಾಧಾನ ಮಾಡುವಂತೆ, “ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ. ನಿಮ್ಮ ನೆನಪನ್ನೂ ದಾಖಲಿಸ್ಕೋತೀವಿ. ಚಹಾ ತಗೊಳ್ಳಿ,” ಎಂದಳು.

ಸತ್ಯ ಹೇಳಿಯಾಗಿತ್ತು. ಅಲ್ಲಿಗೆ ಕೂತುಬಿಡಬಹುದಾಗಿತ್ತು, ಥರ್ಜಾ ಹಿಂದಿನ ಸಾಲಿನಿಂದ ಕೂತುಕೋ ಎಂದು ಕೈಯನ್ನೂ ಆಡಿಸಿದಳು. ಆದರೆ ಹುಳದ ತೂತಿಗೆ ‘ಪ್ರಜ್ಞೆ’ ಎಂದವನ ಮುಖದಲ್ಲಿ ಆಗ ಒಂದು ಕನಿಕರ ಕಂಡಿತು. ವಿಧವೆಯ ಮೇಲಿನ ಕನಿಕರ. ಲವ್‌ಡೇ ಸಂತೆಚೀಲದ ತಳಕ್ಕೆ ಕೈ ಹಾಕಿ, ಇಪ್ಪತ್ತು ಸೇರು ತೂಗುವ ಗಾರೆಯ ತುಂಡೊಂದನ್ನು ಉಸಿರು ಬಿಗಿಹಿಡಿದು ಎತ್ತಿ, ಬಿಸ್ಕತ್ತಿನ ತಟ್ಟೆ ಹಾರುವಂತೆ ಮೇಜಿನ ಮೇಲೆ ಕುಕ್ಕಿದಳು. ಹಾಪ್ಸ್ ಕಾಯಿಗಳ ಗೊಂಚಲು, ಎರಡು ಬಾರ್ಲಿ ತೆನೆ. ಬದಿಯಲ್ಲಿ ಕೊರೆದಿತ್ತು: ಎ. ಬಿ., ೧೮೭೨.

“ಇದು ನಿಮ್ಮ ಬಿಯಾಂಕೆಟ್ಟಿದು. ಒಡೆದ ರಾಶಿಯಿಂದ ನನ್ನ ಗಂಡ ಆರಿಸ್ಕೊಂಡು ಬಂದಿದ್ರು. ಅವತ್ತಿಂದ ನಮ್ಮ ಹಿತ್ಲ ಬಾಗಿಲು ಬಡ್ಕೊಳ್ದಂಗೆ ಒತ್ತಿಗಿಟ್ಟಿದ್ದೆ. ಆತ ತೋಟ ನೆನೆಸ್ಕೊಂಡು ಅಳ್ಲಿಲ್ಲ. ಬಿಯರ್ ನೆನೆಸ್ಕೊಂಡ.”

ಯಾರೂ ನಗಲಿಲ್ಲ. ವೇಲನ ಕುತ್ತಿಗೆ ಉಣ್ಣೆಯ ವಸ್ತ್ರದ ಬಣ್ಣಕ್ಕೆ ತಿರುಗಿತು. ಅವಳಿಗೆ ಹಿತವಾಯಿತು. ಎಷ್ಟು ಹಿತವಾಯಿತೆಂದರೆ, ಕಿಟಕಿಯ ಬಳಿ ಡಾರಕ್ ಎದ್ದು ನಿಂತದ್ದನ್ನು ಅವಳು ನೋಡಲೇ ಇಲ್ಲ.

“ಹಂಗಾದ್ರೆ ಅದು ನಕಲು! ಅಧ್ಯಕ್ಷರೇ, ಬರ್ಕೊಳ್ಳಿ. ಅಜ್ಜಿ ಬಾಯಲ್ಲೇ ಬಂತು.”

ಸಭಾಧ್ಯಕ್ಷೆ ಪೆನ್ನು ತೆಗೆದಳು. “ಮಿಸೆಸ್ ಟ್ರೆನೆರಿ, ನಿಮ್ಮ ಯಜಮಾನರು ಕಟ್ಟಿದ್ದು ಗೋಡೆಯ ಒಂದು ಭಾಗಾನಾ, ಪೂರ್ತಿನಾ? ಯೋಚನೆ ಮಾಡಿ ಹೇಳಿ.”

ಸಭಾಧ್ಯಕ್ಷೆ ಬಾಗಿಲೊಂದನ್ನು ತೆರೆದು ಹಿಡಿದಿದ್ದಳು. ‘ಒಂದು ಭಾಗ’ ಎಂದರೆ ಸಾಕಾಗಿತ್ತು, ಗೋಡೆ ಉಳಿಯುತ್ತಿತ್ತು. ಲವ್‌ಡೇ ಮೇಜಿನ ಮೇಲಿನ ಅಚ್ಚನ್ನು ನೋಡಿದಳು.

“ಪೂರ್ತಿ. ನಲವತ್ತೆರಡು ಅಡಿ. ಒಂದಂಗುಲಾನೂ ಹಳೇದಲ್ಲ.”

ಡಾಕ್ಟರ್ ವೇಲ್ ಆಗಲೇ ಚೇತರಿಸಿಕೊಂಡಿದ್ದ. ಕಾಲು ಗಂಟೆಯ ಹಿಂದೆ ಕಣ್ಣೀರಾಗಿದ್ದ ಹಣ್ಣನ್ನು ಪರದೆಯಿಂದ ಆರಿಸಿ, “ಹಾಗಿದ್ದರೆ ಪರಂಪರೆಯ ದೃಷ್ಟಿಯಿಂದ ಇದಕ್ಕೆ ಮಹತ್ವವಿಲ್ಲ. ಇತ್ತೀಚಿನ ಅನುಕರಣೆ,” ಎಂದ. ಹಣ್ಣು ಅದೇ, ತೂತು ಅದೇ. ಹೊರಡುವಾಗ ಅವಳ ಬಳಿ ಬಂದು, ಆ ಹಾಪ್ಸ್ ತುಂಡು ವಸ್ತುಸಂಗ್ರಹಾಲಯದಲ್ಲಿರಬೇಕಾದ್ದು, ಕೊಡುತ್ತೀರಾ ಎಂದು ಕೇಳಿದ.

“ಬಾಗಿಲು ಬಡ್ಕೊಳ್ಳುತ್ತೆ,” ಎಂದಳು ಲವ್‌ಡೇ.

ಮನೆಗೆ ನಡೆಯುವಾಗ ಥರ್ಜಾ, ಹೋದ ಮೊಣಕಾಲಲ್ಲೇ, ಸಂತೆಚೀಲವನ್ನು ತಾನೇ ಎಳೆದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಆ ಭಾನುವಾರ ಪ್ರಾರ್ಥನಾಲಯದಲ್ಲಿ ಲವ್‌ಡೇ ಹಾಡಲಿಲ್ಲ. ಸತ್ಯ ಹೇಳಿದ್ದೇನೆ ತಂದೆಯೇ ಎಂದು ಹೇಳಿಕೊಳ್ಳಲು ಹೋದಳು. ನಾದಿನಿಯ ಪ್ರಶ್ನೆ ಅಡ್ಡ ಬಂದು ನಿಂತಿತು. ಮೊದಲನೆಯ ಸಲ ಹೇಳಿದ್ದು ಸತ್ಯಕ್ಕಾಗಿ. ಎರಡನೆಯ ಸಲ ಆ ತುಂಡನ್ನು ಕುಕ್ಕಿದ್ದು? ಪಂಡಿತ ತನ್ನ ಪುಸ್ತಕಕ್ಕಾಗಿ ಜೇಬೆಜನ ಹೆಸರನ್ನು ಅಳಿಸಿದ್ದ. ತಾನು ತನ್ನ ಸೊಕ್ಕಿಗಾಗಿ ಅವನ ಕೆಲಸವನ್ನೇ ಅಳಿಸಿಬಿಟ್ಟಿದ್ದಳು. ಇಬ್ಬರಲ್ಲಿ ಹೀನರು ಯಾರು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಮೂರು ವಾರಕ್ಕೆ ಡಾರಕ್‌ನಿಗೆ ಅನುಮತಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಸಾರುವೆ ಏರಿತು. ಲವ್‌ಡೇ ಎದುರಿನ ಬೇಕರಿಯ ಮುಂದಿನ ಬೆಂಚಿನ ಮೇಲೆ ಕೂತಳು. ಹೆಣದ ಮುಂದೆ ಕೂರುವುದು ಕಡೆಯ ಮರ್ಯಾದೆ. ಅವಳು ಅದಕ್ಕೇ ಬಂದಿದ್ದಳು.

ಸೋಮವಾರ ಇಡೀ ದಿನ ಯಂತ್ರದ ಉಳಿ ಕೊರೆಯಿತು. ಸಂಜೆಗೆ ಒಂದು ಹಿಡಿ ಪುಡಿ ಉದುರಿತ್ತು. ಮಂಗಳವಾರ ದೊಡ್ಡ ಯಂತ್ರ ತಂದರು. ಅದರ ನಡುಕಕ್ಕೆ ಮೂರು ಕಟ್ಟಡದಾಚೆಯ, ಡಾಕ್ಟರ್ ವೇಲ್ ‘ಅಪ್ಪಟ’ ಎಂದು ಬರೆದಿದ್ದ ಹಳೆಯ ಹೂದಾನಿಯೊಂದು ಮಾಳಿಗೆಯ ಅಂಚಿನಿಂದ ಕಳಚಿ, ಪುರಸಭೆಯ ಹೊಸ ಅಲ್ಯೂಮಿನಿಯಮ್ ಜಾಲರಿಯ ಮೇಲೆ ಬಿದ್ದು, ಎರಡೂ ಸರಿಯಾಗಿ ಜಜ್ಜಿಹೋದವು. ದೇವರ ದಯೆ, ಕೆಳಗೆ ಯಾರೂ ಇರಲಿಲ್ಲ. ಕ್ವಿನ್ಸ್ ಹಣ್ಣಿನ ಒಂದೆಲೆಯೂ ಅಲುಗಲಿಲ್ಲ. ಬುಧವಾರ ಬೆಳಿಗ್ಗೆ ಎಂಜಿನಿಯರನೊಬ್ಬ ಬಂದು, ಮೇಲೆ ಹತ್ತಿ, ಇಳಿದು, ಡಾರಕ್‌ನ ಮುಂದೆ ಕೈ ಆಡಿಸಿ ಹೋದ. ಯಂತ್ರ ನಿಂತಿತು.

ಸ್ವಲ್ಪ ಹೊತ್ತಿಗೆ ಕೆಲಸದ ಮೇಸ್ತ್ರಿ ಬೀದಿ ದಾಟಿ ಅವಳ ಬೆಂಚಿಗೆ ಬಂದ. ಫೆಟು ಎಂದು ಅವನ ಹೆಸರು, ಸಮೋವಾದವನು, ಬಾಗಿಲಿನಷ್ಟು ಅಗಲದ ಆಳು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಅಮ್ಮಾ, ಇದನ್ನ ಕಟ್ಟಿದ್ದು ನಿಮ್ಮ ಯಜಮಾನ್ರಂತೆ?”

“ಹೌದಪ್ಪ.”

“ಅವರ ಮೇಲೆ ನಂಗೆ ಸಿಟ್ಟು ಬಂದಿದೆ. ಮೂರು ಉಳಿ ಮುರಿದ್ರು.”

ಅವಳು ಅವನತ್ತ ತಿರುಗಿದಳು.

“ಒಳಗೆ ಕಂಚಿನ ಸರಳು ಹಾಕಿದ್ದಾರೆ ಅಮ್ಮಾ. ಕಬ್ಬಿಣ ಅಲ್ಲ, ಕಂಚು, ತುಕ್ಕು ಹಿಡೀಬಾರ್ದು ಅಂತ. ಒಂದೂವರೆ ಅಡಿ ಆಚೆ ಗೋಡೆಗೂ ಹೋಗಿದೆ, ಈಚೆ ಗೋಡೆಗೂ ಹೋಗಿದೆ. ಎಳೆದ್ರೆ ಅಕ್ಕಪಕ್ಕದ ಎರಡು ಕಟ್ಟಡ ಸೀಳುತ್ತೆ. ಅವೆರಡೂ ಮುಟ್ಟಬಾರ್ದು ಅಂತ ಪುಸ್ತಕದಲ್ಲಿದೆಯಂತೆ. ಎಂಜಿನಿಯರ್ ಬೇಡ ಅಂದ. ಇನ್ನು ಇದು ಹೀಗೇ.”

ಲವ್‌ಡೇ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು.

“ಹಿಂಬದಿ ನೋಡಿದೆಯಾ?” ಎಂದಳು.

“ಅದನ್ನ ಹೇಳೋಣ ಅಂತಲೇ ಬಂದೆ. ಹತ್ತಿದ ತಕ್ಷಣ ನಂಗೆ ಮುಂದ್ಯಾವುದು ಹಿಂದ್ಯಾವುದು ಗೊತ್ತಾಗ್ಲಿಲ್ಲ. ಈ ಬೀದೀಲಿ ಎಲ್ಲಾರೂ ಹಿಂದೆ ಒಂದು ಮುದ್ದೆ ಮೆತ್ತಿ ಕೈ ತೊಳ್ಕೊಂಡಿದ್ದಾರೆ. ಇದು ಹಂಗಲ್ಲ. ಅಂಗೈ ಇಟ್ಟೆ ಅಮ್ಮಾ, ಹಾಲಿನ ಕೆನೆ ಥರ. ನಮ್ಮಪ್ಪ ಚರ್ಚ್ ಕಟ್ಟೋವಾಗ ಹೀಗೆ ಮಾಡ್ತಿದ್ರು.” ಫೆಟು ಟೋಪಿಯನ್ನು ಕೈಯಲ್ಲಿ ತಿರು ತಿರುಗಿಸಿ, ಸ್ವಲ್ಪ ಸಂಕೋಚದಿಂದ ಮುಂದುವರಿಸಿದ. “ಡಾರಕ್‌ಗೂ ಈಗ ಅದು ಇಷ್ಟ ಆಗ್ಬಿಟ್ಟಿದೆ. ಬಣ್ಣಾನೂ ಬೇಡ ಅಂತಾನೆ. ಅದಕ್ಕೆ ಒರಗಿಸಿ ಮೇಜು ಹಾಕ್ತಾನಂತೆ. ವೈನ್ ಕುಡಿಯೋರು ಅದನ್ನೇ ನೋಡ್ತಾ ಕೂತಿರ್ತಾರೆ.”

ಲವ್‌ಡೇ ಬಾಯಿ ತೆರೆದಳು. ಹೇಳಬೇಕಾದ ಮಾತುಗಳು ಸಾಲಾಗಿ ನಾಲಿಗೆಯ ತುದಿಗೆ ಬಂದಿದ್ದವು: ಡಾರಕ್‌ಗೆ ಒಂದು, ಪಂಡಿತನಿಗೆ ಎರಡು, ಪುರಸಭೆಗೆ ಇಡೀ ಜನ್ಮಕ್ಕಾಗುವಷ್ಟು. ಫೆಟು ಕೇಳಲು ಸಿದ್ಧನಾಗಿ ನಿಂತಿದ್ದ. ಆದರೆ ಅವಳು ತಲೆಯೆತ್ತಿ ಗೋಡೆಯ ಕಡೆ ನೋಡಿದಳು. ಎದುರುಬಿಸಿಲಿಗೆ ನಾಲ್ಕು ಹಣ್ಣೂ ಮಾಗಿದಂತೆ ಹೊಳೆಯುತ್ತಿದ್ದವು.

“ಕಾಗೆಗಳು ನೋಡ್ತಾವೆ ಅಂದಿದ್ದೆ ಕಣ್ರೀ,” ಎಂದಳು ಅವಳು, ಫೆಟುವಿಗಲ್ಲ. “ಕಾಗೆಗಿಂತ ಕಡೆ ಜನ ಬರ್ತಿದ್ದಾರೆ. ಮೂರು ವಾರ ದಂಡ ಅಂದಿದ್ದು ತಪ್ಪಾಯ್ತು. ಸಾಕು, ಮೂಗಲ್ಲಿ ನಗಬೇಡಿ.”

ಆಮೇಲೆ ಕಣ್ಣೊರೆಸಿಕೊಂಡು, ಹಿತ್ತಲಿನ ಹಣ್ಣು ಬೇಯಿಸುವುದಿದೆ, ಬಿಟ್ಟರೆ ಕೊಳೆಯುತ್ತದೆ ಎಂದು ಫೆಟುವಿಗೆ ಹೇಳಿ, ಓಣಿಯ ದಾರಿ ಹಿಡಿದಳು.